ಬರೋಡಾದ ಹನ್ನೊಂದು ದಿನಗಳು: ದುಡಿಯುವವರ ಡಾ. ಅಂಬೇಡ್ಕರ್

ಪ್ರತಿ ವರ್ಷ ಪರೀಕ್ಷೆಯ ಫಲಿತಾಂಶಗಳು ಪ್ರಕಟವಾದ ಮೇಲೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಯುವಕ ಯುವತಿಯರು ನಡತೆಯ ಪತ್ರವನ್ನು ಬೇಡಿ ಧರ್ಮಕೇಂದ್ರದ ಗುರುಗಳ ಬಳಿಗೆ ಬರುವುದು ವಾಡಿಕೆ. ಕೆಲವರು ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೊರಟವರು, ಕೆಲವರು ಕಟ್ಟಡದ ಕೆಲಸಕ್ಕೆ, ಕೆಲವರು ಆಸ್ಪತ್ರೆ ಅಂಗಡಿಗಳಿಗೆ. ಸಂಬಳವೆಷ್ಟು, ದಿನಕ್ಕೆ ಎಷ್ಟು ಗಂಟೆಯ ದುಡಿಮೆ, ನೇಮಕದ ಪತ್ರ ಕೊಟ್ಟಿದ್ದಾರೆಯೇ ಎಂದು ನಾವು ವಿಚಾರಿಸಿದರೆ ಹೆಚ್ಚಿನವರು ತಲೆ ತಗ್ಗಿಸುತ್ತಾರೆ. ಕೆಲಸ ಸಿಕ್ಕಿದ್ದೇ ದೊಡ್ಡದು, ಇದನ್ನೆಲ್ಲ ಕೇಳಿದರೆ ಎಲ್ಲಿ ಬೇಡವೆಂದುಬಿಡುತ್ತಾರೋ ಎಂಬ ಅಳುಕು ಅವರ ಮುಖದಲ್ಲಿ ಕಾಣುತ್ತದೆ. ಆ ಅಳುಕನ್ನು ಕಂಡಾಗಲೆಲ್ಲ ನಮಗೆ ನೆನಪಾಗುವುದು ಹೊಸ ಕೆಲಸಕ್ಕೆಂದು ರೈಲು ಹತ್ತಿದ ಮತ್ತೊಬ್ಬ ಯುವಕನ ಕಥೆ. ಊರೂರಿನ ವೃತ್ತಗಳಲ್ಲಿ ಆತನ ಪ್ರತಿಮೆ ನಿಂತಿದೆ. ಆದರೆ ಆತ ದುಡಿಯುವವರಿಗಾಗಿ ಮಾಡಿದ ಕೆಲಸದ ಪರಿಚಯ ನಮ್ಮ ಕುಟುಂಬಗಳಿಗೆ ಅಷ್ಟಾಗಿ ಇಲ್ಲ. ಆ ಯುವಕನೇ ಭೀಮರಾವ್ ರಾಮ್‌ಜಿ ಅಂಬೇಡ್ಕರ್.

ಅವರು ಜನಿಸಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ. ಕೆಥೋಲಿಕರಾದ ನಮಗೆ ಆ ವರ್ಷ ಇನ್ನೊಂದು ಕಾರಣಕ್ಕೆ ಸ್ಮರಣೀಯ. ಅದೇ 1891ರ ಮೇ 15ರಂದು ಪೋಪ್ ಹದಿಮೂರನೆಯ ಲಿಯೋ ಅವರು ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು ರೇರುಂ ನೊವಾರುಂ ಎಂಬ ವಿಶ್ವಪರಿಪತ್ರವನ್ನು ಹೊರಡಿಸಿದರು. ದುಡಿಮೆಗಾರನಿಗೆ ನ್ಯಾಯವಾದ ಕೂಲಿ ಸಲ್ಲಬೇಕು, ಆತ ಸಂಘ ಕಟ್ಟಿಕೊಳ್ಳಬಹುದು ಎಂದು ಆ ಪತ್ರ ಸಾರಿತು. ಅದೇ ವರ್ಷ ಭಾರತದ ಬ್ರಿಟಿಷ್ ಸರ್ಕಾರ ತನ್ನ ಕಾರ್ಖಾನೆ ಕಾನೂನನ್ನು ತಿದ್ದಿ, ಹೆಂಗಸರ ದುಡಿಮೆಗೆ ದಿನಕ್ಕೆ 11 ಗಂಟೆ, ಮಕ್ಕಳ ದುಡಿಮೆಗೆ 7 ಗಂಟೆ ಎಂಬ ಮಿತಿಯನ್ನು ಹಾಕಿತು. ಒಂಬತ್ತು ವರ್ಷ ತುಂಬಿದ ಮಗುವನ್ನು ಕಾರ್ಖಾನೆಗೆ ಕಳುಹಿಸಲು ಕಾನೂನೇ ಸಮ್ಮತಿಸುತ್ತಿದ್ದ ಕಾಲವದು. ಮಹೂವಿನ ಆ ಶಿಶು ಕಣ್ತೆರೆದದ್ದು ಅಂತಹ ಲೋಕಕ್ಕೆ.

ತಂದೆ ರಾಮ್‌ಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು, ಸೈನಿಕ ಶಾಲೆಯಲ್ಲಿ ಉಪಾಧ್ಯಾಯರು. ಹದಿನಾಲ್ಕು ಮಕ್ಕಳಲ್ಲಿ ಭೀಮರಾವ್ ಕಡೆಯವರು. ಅವರ ಮಹಾರ್ ಸಮುದಾಯವನ್ನು ಮುಟ್ಟಬಾರದವರೆಂದು ಊರು ದೂರವಿಟ್ಟಿತ್ತು. ಆ ಸಮುದಾಯದವರು ನಮ್ಮ ಕಡೆಯ ತೋಟಿ ತಳವಾರರಂತೆ ವಂಶಪರಂಪರೆಯ ಊರ ಚಾಕರಿಗೆ ಬದ್ಧರಾಗಿದ್ದರು. ಅಂಗೈಯಗಲದ ಜಮೀನಿಗೆ ಪ್ರತಿಯಾಗಿ ಅಧಿಕಾರಿಗಳು ಕರೆದಾಗಲೆಲ್ಲ, ಹಗಲೆನ್ನದೆ ಇರುಳೆನ್ನದೆ ಹೋಗಬೇಕು. ಒಬ್ಬ ಇಲ್ಲದಿದ್ದರೆ ಮನೆಯ ಇನ್ನೊಬ್ಬ ಹೋಗಬೇಕು. ಆ ಕೆಲಸಕ್ಕೆ ಗಂಟೆಯ ಲೆಕ್ಕವಿರಲಿಲ್ಲ, ಗೊತ್ತಾದ ಕೂಲಿಯಿರಲಿಲ್ಲ. ಶಾಲೆಯಲ್ಲಿ ಬಾಲಕ ಭೀಮರಾವ್ ಗೋಣಿಚೀಲ ಹಾಸಿಕೊಂಡು ಬೇರೆಯೇ ಕುಳಿತರು. ಜವಾನ ಮೇಲಿನಿಂದ ನೀರು ಸುರಿದರೆ ಕುಡಿದರು, ಜವಾನ ಬಾರದ ದಿನ ಬಾಯಾರಿಕೆಯಲ್ಲಿಯೇ ಉಳಿದರು.

ಓದಿನಲ್ಲಿ ಮುಂದಿದ್ದ ಅವರಿಗೆ ಬರೋಡಾ ಸಂಸ್ಥಾನದ ಮಹಾರಾಜ ಸಯಾಜಿರಾವ್ ಗಾಯಕವಾಡರು ವಿದ್ಯಾರ್ಥಿವೇತನ ನೀಡಿದರು. ಮುಂಬಯಿಯಲ್ಲಿ ಪದವಿ ಪಡೆದು 1913ರ ಜನವರಿಯಲ್ಲಿ ಅವರು ಬರೋಡಾದ ಸೇವೆಗೆ ಸೇರಿದರು. ಕೆಲವೇ ದಿನಗಳಲ್ಲಿ ತಂದೆಯ ಕಾಯಿಲೆಯ ಸುದ್ದಿ ಬಂದು ಊರಿಗೆ ಮರಳಬೇಕಾಯಿತು. ಫೆಬ್ರವರಿ 2ರಂದು ತಂದೆ ತೀರಿಕೊಂಡರು. ಅದೇ ವರ್ಷ ಜೂನ್ ತಿಂಗಳಲ್ಲಿ ಸಂಸ್ಥಾನದೊಂದಿಗೆ ಅವರು ಒಂದು ಕರಾರಿಗೆ ಸಹಿ ಹಾಕಿದರು. ಸಂಸ್ಥಾನದ ಖರ್ಚಿನಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಬೇಕು, ಓದು ಮುಗಿದ ಮೇಲೆ ಹತ್ತು ವರ್ಷ ಬರೋಡಾದಲ್ಲಿ ಸೇವೆ ಸಲ್ಲಿಸಬೇಕು ಎಂಬುದು ಕರಾರು. ಅವರ ಕರ್ತವ್ಯಗಳು ಕಾಗದದ ಮೇಲೆ ಸ್ಪಷ್ಟವಾಗಿದ್ದವು. ಅವರ ಹಕ್ಕುಗಳ ವಿಷಯದಲ್ಲಿ ಕಾಗದ ಮೌನವಾಗಿತ್ತು. ಆ ಮೌನದ ಅರ್ಥ ಅವರಿಗೆ ತಿಳಿದದ್ದು ನಾಲ್ಕು ವರ್ಷಗಳ ಬಳಿಕ.

ನ್ಯೂಯಾರ್ಕಿನಲ್ಲಿ ಎಂ.ಎ. ಮುಗಿಸಿ, ಲಂಡನ್ನಿನಲ್ಲಿ ಓದು ಅರ್ಧದಲ್ಲಿರುವಾಗಲೇ ವಿದ್ಯಾರ್ಥಿವೇತನದ ಅವಧಿ ಮುಗಿದು, 1917ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಕರಾರಿನಂತೆ ಬರೋಡಾಕ್ಕೆ ಹೋಗಿ ಮಹಾರಾಜರ ಸೈನಿಕ ಕಾರ್ಯದರ್ಶಿಯಾಗಿ ಅಧಿಕಾರ ವಹಿಸಿಕೊಂಡರು. ಹುದ್ದೆ ದೊಡ್ಡದು. ಆದರೆ ಕಚೇರಿಯ ಜವಾನರು ಕಡತಗಳನ್ನು ಕೈಗೆ ಕೊಡದೆ ಮೇಜಿನ ಮೇಲೆ ಎಸೆಯುತ್ತಿದ್ದರು. ಕಚೇರಿಯಲ್ಲಿ ಕುಡಿಯುವ ನೀರು ಅವರಿಗೆ ಸಿಗುತ್ತಿರಲಿಲ್ಲ. ಊರಿನಲ್ಲಿ ಯಾವ ಮನೆಯೂ ಬಾಡಿಗೆಗೆ ಸಿಗಲಿಲ್ಲ. ಕಡೆಗೆ ಪಾರ್ಸಿಗಳ ಒಂದು ವಸತಿಗೃಹದಲ್ಲಿ, ಪಾರ್ಸಿ ಹೆಸರೊಂದನ್ನು ಹೇಳಿಕೊಂಡು, ದೀಪವೂ ಸರಿಯಾಗಿಲ್ಲದ ಮಹಡಿಯ ಕೋಣೆಯಲ್ಲಿ ತಂಗಿದರು. ಸರ್ಕಾರಿ ಬಂಗಲೆಗಾಗಿ ಬರೆದುಕೊಂಡ ಅರ್ಜಿ ತೀರ್ಮಾನವಾಗದೆ ಉಳಿದಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಕಚೇರಿಗೆ ಹೊರಟು ನಿಂತಾಗ ದೊಣ್ಣೆ ಹಿಡಿದ ಹತ್ತಾರು ಪಾರ್ಸಿಗಳು ಮಹಡಿ ಹತ್ತಿ ಬಂದರು. ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಗದರಿಸಿ ಹೋದರು. ಅಂಬೇಡ್ಕರರು ಇಬ್ಬರು ಪರಿಚಿತರ ನೆರವು ಕೇಳಿದರು. ಒಬ್ಬರು ಹಿಂದೂ, ಇನ್ನೊಬ್ಬರು ಕ್ರೈಸ್ತರು. ತಮಗೆ ಜಾಗ ಕೊಟ್ಟರೆ ಮನೆಯ ಆಳುಗಳು ಬಿಟ್ಟು ಹೋಗುತ್ತಾರೆಂದು ಹಿಂದೂ ಮಿತ್ರರು ಹೇಳಿದರು. ಊರಿನಿಂದ ಮರುದಿನ ಬರಲಿರುವ ಹೆಂಡತಿಯನ್ನು ಕೇಳಬೇಕೆಂದು ಕ್ರೈಸ್ತ ಮಿತ್ರರು ಹೇಳಿದರು. ಆ ದಂಪತಿಗಳು ಮೂಲತಃ ಮೇಲ್ಜಾತಿಯಿಂದ ಬಂದವರು, ಮತ ಬದಲಾದರೂ ಹೆಂಡತಿ ಮಡಿ ಬಿಟ್ಟಿರಲಿಲ್ಲ ಎಂಬುದು ಅವರಿಗೆ ಆಮೇಲೆ ತಿಳಿಯಿತು. ಸಾರ್ವಜನಿಕ ಉದ್ಯಾನವೊಂದರಲ್ಲಿ ಐದು ಗಂಟೆಗಳ ಕಾಲ ಒಬ್ಬರೇ ಕುಳಿತಿದ್ದು, ರಾತ್ರಿ ಒಂಬತ್ತರ ರೈಲಿಗೆ ಅವರು ಮುಂಬಯಿಗೆ ಹೊರಟುಹೋದರು.

ಪಾರ್ಸಿಗಳ ದೊಣ್ಣೆಯನ್ನೂ ಹಿಂದೂ ಮಿತ್ರರ ಅಂಜಿಕೆಯನ್ನೂ ಹೇಳಿ, ಆ ಕ್ರೈಸ್ತ ಮನೆಯ ಮುಚ್ಚಿದ ಬಾಗಿಲನ್ನು ಬಿಟ್ಟು ಮುಂದಕ್ಕೆ ಹೋಗುವುದು ಅಂಕಣಕಾರರಾದ ನಮಗೆ ಸುಲಭವಾಗಿತ್ತು. ಆದರೆ ಅದು ಸತ್ಯಕ್ಕೆ ಮಾಡುವ ಅಪಚಾರ. ನಮ್ಮ ಸೀಮೆಯ ಎಷ್ಟೋ ಕೆಥೋಲಿಕ ಕುಟುಂಬಗಳ ಹಿರಿಯರು ಅಂತಹ ಬಾಗಿಲುಗಳ ಹೊರಗೆ ನಿಂತವರೇ ಆಗಿದ್ದಾರೆ.

ಮುಂಬಯಿಯಲ್ಲಿ 1918ರಲ್ಲಿ ಅವರು ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿಯೂ ಪ್ರಾಧ್ಯಾಪಕರ ನೀರಿನ ಪಾತ್ರೆಯನ್ನು ಅವರು ಮುಟ್ಟುವುದಕ್ಕೆ ಆಕ್ಷೇಪ ಬಂದಿತು. ಉಳಿಸಿದ ಹಣದಿಂದ ಮತ್ತೆ ಲಂಡನ್ನಿಗೆ ಹೋಗಿ, ಡಿ.ಎಸ್‌ಸಿ. ಪದವಿಯನ್ನೂ ಬ್ಯಾರಿಸ್ಟರ್ ಅರ್ಹತೆಯನ್ನೂ ಪಡೆದು 1923ರಲ್ಲಿ ಮರಳಿದರು. ವಿದ್ಯೆ ಎಷ್ಟೇ ಇರಲಿ, ಹುದ್ದೆ ಎಷ್ಟೇ ಎತ್ತರವಿರಲಿ, ದುಡಿಯುವ ಮನುಷ್ಯನ ಮಾನ ಇನ್ನೊಬ್ಬರ ದಯೆಯ ಮೇಲೆ ನಿಂತಿರುವವರೆಗೆ ಅದಕ್ಕೆ ಭದ್ರತೆಯಿಲ್ಲ ಎಂಬ ತಿಳಿವು ಆ ವೇಳೆಗೆ ಅವರಲ್ಲಿ ಗಟ್ಟಿಯಾಗಿತ್ತು. ಅವರ ಮುಂದಿನ ಬಾಳನ್ನು ನಾವು ಓದಬೇಕಾದದ್ದು ಈ ಬೆಳಕಿನಲ್ಲಿ.

ಮುಂಬಯಿ ಶಾಸನ ಪರಿಷತ್ತಿನ ಸದಸ್ಯರಾಗಿ ಅವರು 1928ರಲ್ಲಿ ಮಹಾರರ ಊರ ಚಾಕರಿಯ ಪದ್ಧತಿಯನ್ನು ತಿದ್ದುವ ಮಸೂದೆ ತಂದರು. ಅದು ಅಂಗೀಕಾರವಾಗಲಿಲ್ಲ. ಅದೇ ವರ್ಷ ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಹೆರಿಗೆಯ ಕಾಲದ ನೆರವು ಕೊಡುವ ಮಸೂದೆಯನ್ನು ಸಮರ್ಥಿಸಿದರು; ಅದು 1929ರಲ್ಲಿ ಕಾನೂನಾಯಿತು. ಬಟ್ಟೆ ಗಿರಣಿಗಳ ಮುಷ್ಕರ ನಡೆದಾಗ ಅವರು ಎತ್ತಿದ ಪ್ರಶ್ನೆಯೊಂದು ರೇಷ್ಮೆ ಮಗ್ಗಗಳ ಊರಾದ ಕೊಳ್ಳೇಗಾಲದವರಿಗೆ ಚೆನ್ನಾಗಿ ಅರ್ಥವಾದೀತು. ಗಿರಣಿಗಳ ನೇಯ್ಗೆ ವಿಭಾಗದಲ್ಲಿ ಕೂಲಿ ಹೆಚ್ಚು. ಆದರೆ ನೂಲು ತುಂಡಾದಾಗ ಲಾಳಿಯ ತೂತಿನಿಂದ ಅದನ್ನು ಬಾಯಿಯಿಂದ ಎಳೆಯಬೇಕಾಗುತ್ತಿತ್ತು. ಅಸ್ಪೃಶ್ಯರ ಎಂಜಲು ತಾಗುವುದೆಂದು ಜೊತೆಯ ಕಾರ್ಮಿಕರೇ ಅವರನ್ನು ಆ ವಿಭಾಗದ ಒಳಗೆ ಬಿಡುತ್ತಿರಲಿಲ್ಲ. ಮಾಲೀಕರ ಅನ್ಯಾಯವನ್ನು ಖಂಡಿಸುವ ಕಾರ್ಮಿಕ ಸಂಘ ತನ್ನೊಳಗಿನ ಈ ಅನ್ಯಾಯವನ್ನೂ ತೊಳೆದುಕೊಳ್ಳಬೇಕೆಂದು ಅವರು ಪಟ್ಟು ಹಿಡಿದರು. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷವನ್ನು ಕಟ್ಟಿದರು. 1938ರ ನವೆಂಬರ್ 7ರಂದು, ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಮಸೂದೆಯ ವಿರುದ್ಧ ಮುಂಬಯಿಯ ಕಾರ್ಮಿಕರು ಒಂದು ದಿನದ ಮುಷ್ಕರ ಹೂಡಿದಾಗ ಅದರ ಮುಂದಾಳುಗಳಲ್ಲಿ ಅವರೂ ಒಬ್ಬರಾಗಿದ್ದರು.

1942ರ ಜುಲೈಯಲ್ಲಿ ಅವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾದರು. ಬರೋಡಾದ ಉದ್ಯಾನದಲ್ಲಿ ನೆಲೆಯಿಲ್ಲದೆ ಕುಳಿತಿದ್ದ ಮನುಷ್ಯ ಬ್ರಿಟಿಷ್ ಇಂಡಿಯಾದ ಕಾರ್ಮಿಕರೆಲ್ಲರ ಹೊಣೆ ಹೊತ್ತರು. ಆಗ ಕೊಳ್ಳೇಗಾಲ ತಾಲ್ಲೂಕು, ಇಂದಿನ ಹನೂರಿನ ಪ್ರದೇಶವೂ ಸೇರಿದಂತೆ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದುದರಿಂದ ಅವರ ಕಾನೂನುಗಳು ಇಲ್ಲಿಗೂ ಅನ್ವಯಿಸುತ್ತಿದ್ದವು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಾದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದಲ್ಲಿತ್ತು. ಅಲ್ಲಿ ಕಾನೂನೇ ಬೇರೆ. ಒಂದೇ ಮಾತನ್ನಾಡುವ ನೆರೆಹೊರೆಯ ಕೂಲಿಕಾರರ ಹಕ್ಕುಗಳು ಗಡಿಕಲ್ಲನ್ನು ನೋಡಿ ಬದಲಾಗುತ್ತಿದ್ದವು.

ನಾಲ್ಕು ವರ್ಷಗಳಲ್ಲಿ ಅವರು ಮಾಡಿದ ಕೆಲಸ ವಿಸ್ತಾರವಾದದ್ದು. ಸರ್ಕಾರ, ಮಾಲೀಕರು, ಕಾರ್ಮಿಕರು ಒಂದೇ ಮೇಜಿನ ಸುತ್ತ ಕುಳಿತು ಮಾತನಾಡುವ ತ್ರಿಪಕ್ಷೀಯ ಸಭೆಗಳಿಗೆ ಗಟ್ಟಿ ನೆಲೆ ಕೊಟ್ಟರು. 1943ರ ಡಿಸೆಂಬರಿನಲ್ಲಿ ಧನಬಾದಿನ ಕಲ್ಲಿದ್ದಲ ಗಣಿಗಳಿಗೆ ತಾವೇ ಇಳಿದು ಕಾರ್ಮಿಕರ ಸ್ಥಿತಿಯನ್ನು ಕಣ್ಣಾರೆ ಕಂಡರು. ಅವರ ಅಧಿಕಾರಾವಧಿಯಲ್ಲಿ ನೇಮಕವಾದ ಅಡಾರ್ಕರರ ವರದಿಯಿಂದಲೇ ಮುಂದೆ 1948ರ ಕಾರ್ಮಿಕರ ರಾಜ್ಯ ವಿಮೆ, ಅಂದರೆ ನಾವು ಇ.ಎಸ್.ಐ. ಎನ್ನುವ ವ್ಯವಸ್ಥೆ, ಹುಟ್ಟಿತು. 1946ರ ಏಪ್ರಿಲಿನಲ್ಲಿ ಅವರು ಕನಿಷ್ಠ ಕೂಲಿಯ ಮಸೂದೆಯನ್ನು ಮಂಡಿಸಿದರು. ಅದು 1948ರಲ್ಲಿ ಕಾನೂನಾಯಿತು. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿದದ್ದು ಅವರು ತಂದ 1946ರ ತಿದ್ದುಪಡಿಯಿಂದ. ಅವರ ಎಲ್ಲ ನಿರ್ಧಾರಗಳೂ ಪ್ರಶ್ನಾತೀತವಾಗಿರಲಿಲ್ಲ. ಯುದ್ಧಕಾಲದಲ್ಲಿ ಕಲ್ಲಿದ್ದಲಿನ ಅಭಾವವೆಂದು ಹೆಂಗಸರು ಗಣಿಯೊಳಗೆ ದುಡಿಯಬಾರದೆಂಬ ನಿಷೇಧವನ್ನು ಸರ್ಕಾರ ಸಡಿಲಿಸಿದಾಗ ಅವರು ಅದನ್ನು ಸಮರ್ಥಿಸಬೇಕಾಯಿತು, ಟೀಕೆಯನ್ನೂ ಎದುರಿಸಿದರು. ಆದರೆ ಗಂಡಸರಿಗೆ ಸಮನಾದ ಕೂಲಿ ಹೆಂಗಸರಿಗೂ ಸಲ್ಲಬೇಕೆಂಬ ತತ್ತ್ವವನ್ನು ಬಿಟ್ಟುಕೊಡಲಿಲ್ಲ. 1946ರಲ್ಲಿ ಆ ನಿಷೇಧ ಮತ್ತೆ ಜಾರಿಗೆ ಬಂದಿತು.

1947ರ ಆಗಸ್ಟ್ 29ರಂದು ರಚಿತವಾದ ಸಂವಿಧಾನ ಕರಡು ಸಮಿತಿಗೆ ಅವರು ಅಧ್ಯಕ್ಷರಾದರು. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗ ಕೊಳ್ಳೇಗಾಲದ ಕೂಲಿಕಾರನಿಗೂ ಯಳಂದೂರಿನ ಕೂಲಿಕಾರನಿಗೂ ಒಂದೇ ಕಾಗದ ದೊರೆಯಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 19ನೆಯ ವಿಧಿ ಸಂಘ ಕಟ್ಟುವ ಹಕ್ಕನ್ನು ಕೊಟ್ಟಿತು. 23ನೆಯ ವಿಧಿ ಬಿಟ್ಟಿ ದುಡಿಮೆ ಮತ್ತು ಬಲವಂತದ ದುಡಿಮೆಯನ್ನು ನಿಷೇಧಿಸಿತು. 24ನೆಯ ವಿಧಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿಗಳಿಂದ ದೂರವಿರಿಸಿತು. ಸಮಾನ ಕೆಲಸಕ್ಕೆ ಸಮಾನ ವೇತನ, ಹೆರಿಗೆಯ ಕಾಲದ ನೆರವು, ಬದುಕಲು ಸಾಕಾಗುವ ಕೂಲಿ ಇವು ಸರ್ಕಾರ ಪಾಲಿಸಬೇಕಾದ ನಿರ್ದೇಶಕ ತತ್ತ್ವಗಳಲ್ಲಿ ಸೇರಿದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದು ಸೇರಿತು. ಅದಾಗಿ ಐದು ವಾರಗಳಲ್ಲಿ, ಡಿಸೆಂಬರ್ 6ರಂದು, ದೆಹಲಿಯಲ್ಲಿ ಅಂಬೇಡ್ಕರರು ತೀರಿಕೊಂಡರು. ಅದಕ್ಕೆ ಎರಡು ತಿಂಗಳ ಹಿಂದೆ ನಾಗಪುರದಲ್ಲಿ ಅವರು ಬೌದ್ಧ ಧರ್ಮವನ್ನು ಸ್ವೀಕರಿಸಿದ್ದರು. ಅವರನ್ನು ನಮ್ಮವರೆಂದು ಹೇಳಿಕೊಳ್ಳುವ ಅಧಿಕಾರ ನಮಗಿಲ್ಲ. ಅವರಿಂದ ಕಲಿಯುವ ಹೊಣೆ ಮಾತ್ರ ಇದೆ.

ಕಲಿಯಬೇಕಾದದ್ದೇನು? ಸಂತ ತೋಮಸ್ ಅಕ್ವಿನಾಸರನ್ನು ಓದುವಾಗ ನಾವು ಅರಿತ ಭೇದವೊಂದಿದೆ. ಒಬ್ಬನಿಗೆ ಸಲ್ಲಬೇಕಾದದ್ದನ್ನು ಅವನಿಗೆ ಸಲ್ಲಿಸುವುದು ನ್ಯಾಯ. ನಮ್ಮದರಲ್ಲಿ ಪಾಲು ಕೊಡುವುದು ದಾನ. ಕೂಲಿ ಮೊದಲನೆಯದಕ್ಕೆ ಸೇರಿದ್ದು. ಅದನ್ನು ಕೊಡುವವನು ಉಪಕಾರ ಮಾಡುವವನಲ್ಲ, ಕೇಳುವವನು ಭಿಕ್ಷುಕನಲ್ಲ. ಸಲ್ಲಬೇಕಾದದ್ದು ಏನೆಂದು ಬರಹದಲ್ಲಿ ಇಲ್ಲದಾಗ, ಇದ್ದರೂ ದುಡಿಯುವವನಿಗೆ ತಿಳಿಯದಾಗ, ನ್ಯಾಯವು ದಾನದ ವೇಷ ತೊಟ್ಟು ಬರುತ್ತದೆ. ನಮ್ಮ ಮಕ್ಕಳು ತಲೆ ತಗ್ಗಿಸುವುದು ಆ ವೇಷದ ಮುಂದೆ.

ಆದುದರಿಂದ ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳು ಕೆಲವು ಸಂಗತಿಗಳನ್ನು ತಿಳಿದಿರಬೇಕು. ಹಳೆಯ ಅನೇಕ ಕಾರ್ಮಿಕ ಕಾನೂನುಗಳ ಜಾಗದಲ್ಲಿ 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ಕೆಲಸಗಾರನಿಗೆ ನೇಮಕದ ಪತ್ರ ಕೊಡುವುದು ಮಾಲೀಕನ ಕರ್ತವ್ಯ. ತಿಂಗಳ ಸಂಬಳವು ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಕೈ ಸೇರಬೇಕು. ದಿನದ ದುಡಿಮೆ 8 ಗಂಟೆ. ಅಂಬೇಡ್ಕರರ ಕಾಲದ ವಾರಕ್ಕೆ 48 ಗಂಟೆ ಎಂಬ ಅಳತೆ ಇಂದಿಗೂ ಉಳಿದಿದೆ. ಅದಕ್ಕೆ ಮೀರಿದ ದುಡಿಮೆಗೆ ಕೂಲಿ ಎರಡರಷ್ಟು. ಕೆಲಸ ಬಿಟ್ಟಾಗ ಅಥವಾ ಬಿಡಿಸಿದಾಗ ಬರಬೇಕಾದ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು.

ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಇ.ಎಸ್.ಐ. ಅನ್ವಯಿಸುತ್ತದೆ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವವರು ಅದಕ್ಕೆ ಕೊಡುವ ಪಾಲು ಶೇಕಡಾ 0.75 ಮಾತ್ರ, ಮಾಲೀಕರದು ಶೇಕಡಾ 3.25. ಸಂಬಳದಲ್ಲಿ ಕಡಿತವಾದ ಹಣ ನಿಜವಾಗಿಯೂ ತಮ್ಮ ಹೆಸರಿಗೆ ಜಮೆಯಾಗಿದೆಯೇ ಎಂದು ಕೇಳಿ ನೋಡಬೇಕು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದ ತಾಯಿಗೆ ಮೊದಲ ಎರಡು ಹೆರಿಗೆಗಳಲ್ಲಿ 26 ವಾರಗಳ ಸಂಬಳ ಸಹಿತ ರಜೆಯಿದೆ. ಹೆಣ್ಣುಮಕ್ಕಳಿಗೆ ಕಿರುಕುಳವಾದರೆ ದೂರು ಕೇಳುವ ಆಂತರಿಕ ಸಮಿತಿ, ಹತ್ತು ಜನರಿರುವ ಕಡೆ, 2013ರ ಕಾನೂನಿನಂತೆ ಇರಲೇಬೇಕು.

ಮುಂಗಡ ಸಾಲದ ವಿಷಯವನ್ನು ನಾವು ಬೇರೆಯಾಗಿ ಹೇಳಬೇಕು. ಹನೂರಿನ ಕಡೆಯ ಗುಡ್ಡಗಾಡಿನ ಹಳ್ಳಿಗಳಿಂದ ಕಲ್ಲುಕ್ವಾರಿಗೆ, ಇಟ್ಟಿಗೆ ಗೂಡಿಗೆ, ತೋಟಗಳಿಗೆ ಹೋಗುವವರ ಕೈಗೆ ಮೊದಲೇ ಒಂದಿಷ್ಟು ಹಣ ಕೊಟ್ಟು, ಅದು ತೀರುವವರೆಗೆ ಬೇರೆಡೆಗೆ ಬಿಡದಿರುವುದು ಜೀತವೇ ಆಗುತ್ತದೆ. 1976ರ ಜೀತ ಪದ್ಧತಿ ರದ್ದತಿ ಕಾನೂನಿನಂತೆ ಅಂತಹ ಸಾಲವನ್ನು ತೀರಿಸಬೇಕಾದ ಹೊಣೆಯೇ ಇಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ ತೀರ್ಪಿತ್ತಿದೆ. ತೊಂದರೆಯಾದರೆ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಬಿಟ್ಟಿ ದುಡಿಮೆಗೆ ಸಿಕ್ಕಿದವರಿಗೆ 1987ರ ಕಾನೂನಿನ ಮೇರೆಗೆ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ. ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬೇಕು.

ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಮಗನನ್ನೋ ಮಗಳನ್ನೋ ಬಸ್ಸು ಹತ್ತಿಸುವಾಗ ಬುತ್ತಿಯ ಜೊತೆಗೆ ಈ ಮಾತುಗಳನ್ನೂ ಕಟ್ಟಿಕೊಡಿ. ಶಾಲೆಯ ಮೂಲ ಪ್ರಮಾಣಪತ್ರಗಳನ್ನು ಯಾರ ಕೈಗೂ ಬಿಟ್ಟುಬರಬಾರದೆಂದು ಹೇಳಿ. ನೇಮಕದ ಪತ್ರವನ್ನು ಓದದೆ ಸಹಿ ಹಾಕಬಾರದು, ಸಹಿಯಾದ ಮೇಲೆ ಒಂದು ಪ್ರತಿಯನ್ನು ಮನೆಯಲ್ಲಿಡಬೇಕು. ಹಾಜರಿಯನ್ನೂ ಸಂಬಳದ ಚೀಟಿಯನ್ನೂ ಜೋಪಾನ ಮಾಡಬೇಕು. ವಿನಯದಿಂದ ಕೇಳುವುದು ಒರಟುತನವಲ್ಲ. ಕೇಳಿದ್ದಕ್ಕಾಗಿ ಕೆಲಸ ಕೊಡದವನು ಮುಂದೆ ಕೂಲಿಯನ್ನೂ ನೆಟ್ಟಗೆ ಕೊಡಲಾರ.

ನಮ್ಮಲ್ಲಿ ದುಡಿಯುವವರಂತೆ ದುಡಿಸಿಕೊಳ್ಳುವವರೂ ಇದ್ದಾರೆ. ಮಗ್ಗ, ಅಂಗಡಿ, ತೋಟ ಇಟ್ಟುಕೊಂಡವರು, ಮನೆಗೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡವರು, ಶಾಲೆ ಆಸ್ಪತ್ರೆಗಳನ್ನು ನಡೆಸುವವರು ಎಲ್ಲರಿಗೂ ಪರಿಪತ್ರದ ಮಾತು ಅನ್ವಯಿಸುತ್ತದೆ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಸಂತ ಯಕೋಬರು ಎಚ್ಚರಿಸಿದ್ದು ಇತರರನ್ನು ಮಾತ್ರವಲ್ಲ. ಇದನ್ನು ಬರೆಯಲು ಕುಳಿತಾಗ ಅಡುಗೆಮನೆಯಿಂದ ಪಾತ್ರೆಯ ಸದ್ದು ಕೇಳಿಸಿತು. ಗುರುಗಳ ನಿವಾಸದಲ್ಲಿ ಎಷ್ಟೋ ವರ್ಷಗಳಿಂದ ಅಡುಗೆ ಮಾಡುತ್ತಿರುವ ಅಮ್ಮನಿಗೆ ನಾವು ಹಬ್ಬಕ್ಕೆ ಸೀರೆ ಕೊಟ್ಟಿದ್ದೇವೆ, ಕಾಯಿಲೆ ಬಂದಾಗ ಔಷಧಿ ಕೊಡಿಸಿದ್ದೇವೆ. ಸಂಬಳವೆಷ್ಟು, ವಾರದ ರಜೆ ಯಾವಾಗ ಎಂಬುದನ್ನು ಮಾತ್ರ ಒಂದು ದಿನವೂ ಬರೆದು ಕೊಟ್ಟಿರಲಿಲ್ಲ. ದಾನ ಮಾಡಿ ನ್ಯಾಯವನ್ನು ಮರೆತವರಲ್ಲಿ ನಾವೂ ಇದ್ದೆವು. ಈ ಲೇಖನವನ್ನು ಪತ್ರಿಕೆಗೆ ಕಳುಹಿಸುವ ಮುನ್ನ ಆ ಕಾಗದವನ್ನು ಬರೆದು, ಓದಿ ಹೇಳಿ, ಸಹಿ ಹಾಕಿ ಅವರ ಕೈಗೆ ಕೊಟ್ಟೆವು. ಅವರು ಅದನ್ನು ಮಡಿಚಿ ಸೆರಗಿನ ತುದಿಗೆ ಕಟ್ಟಿಕೊಂಡರು, ಆಮೇಲೆ ಭಾನುವಾರ ಮಧ್ಯಾಹ್ನ ಮಗಳ ಮನೆಗೆ ಹೋಗಿಬರಬಹುದೇ ಎಂದು ಕೇಳಿದರು. ಇಷ್ಟು ವರ್ಷ ಅವರು ಅದನ್ನು ಕೇಳಿರಲೇ ಇಲ್ಲ.